ಬುಲೆಟ್ಟಿನ ಎಡಗಡೆ ಸದ್ದು: ಬಿಚ್ಚುವ ಮೊದಲು ಕ್ಲಚ್ ಹಿಡಿದು ಕೇಳಿ

ಹಳೇ ರಾಯಲ್ ಎನ್‌ಫೀಲ್ಡ್ ಬುಲೆಟ್ ಬೈಕ್ ಇಟ್ಟುಕೊಂಡವರಿಗೆಲ್ಲ ಒಂದಲ್ಲ ಒಂದು ದಿನ ಎಡಗಾಲಿನ ಬುಡದಿಂದ ಒಂದು ಸದ್ದು ಕೇಳಲು ಶುರುವಾಗುತ್ತದೆ. ಮೊದಮೊದಲು ಅದು ಎಂಜಿನ್ನಿನ ಸದ್ದಿನೊಳಗೇ ಅಡಗಿರುತ್ತದೆ. ಆಮೇಲೆ ಸಿಗ್ನಲ್ಲಿನಲ್ಲಿ ನಿಂತಾಗ, ಕಾಂಪೌಂಡ್ ಗೋಡೆಯ ಪಕ್ಕ ಹೋಗುವಾಗ, ತೆಂಗಿನ ಗೆರಟೆಯೊಳಗೆ ಮರಳು ಹಾಕಿ ಅಲ್ಲಾಡಿಸಿದ ಹಾಗೆ ಕರಕರ ಅಂತ ಬೇರೆಯಾಗಿ ಕೇಳುತ್ತದೆ. ಪ್ರೈಮರಿ ಕಡೆಯ, ಅಂದರೆ ಎಂಜಿನ್ ಮತ್ತು ಗೇರ್‌ಬಾಕ್ಸ್ ನಡುವಿನ ಭಾಗದ, ಬೇರಿಂಗಿನ ಸದ್ದಿರಬಹುದು, ಚೈನಿನದ್ದೂ ಇರಬಹುದು. ಯಾವುದು ಅಂತ ಗೊತ್ತುಮಾಡಿಕೊಳ್ಳದೆ ಬಿಚ್ಚಿದರೆ ದುಡ್ಡೂ ಹೋಗುತ್ತದೆ, ಸದ್ದೂ ಉಳಿಯುತ್ತದೆ. ನನಗೆ ಹಾಗೇ ಆಗಿತ್ತು.

ನಮ್ಮ ಮನೆಯದ್ದು ಅಪ್ಪ ತೆಗೆದುಕೊಂಡ 1986ರ 350 ಸಿಸಿ ಗಾಡಿ. ಕಾಸ್ಟ್ ಐರನ್ ಸಿಲಿಂಡರಿನ ಎಂಜಿನ್, ನಾಲ್ಕು ಗೇರ್, ಬಲಗಾಲಲ್ಲಿ ಗೇರ್, ಎಡಗಾಲಲ್ಲಿ ಬ್ರೇಕ್. ಮನೆ ಕಾಪುವಿನಲ್ಲಿ, ಸಮುದ್ರದ ಗಾಳಿ ನೇರ ಅಂಗಳಕ್ಕೇ ಬರುತ್ತದೆ. ಒಂದು ಮಳೆಗಾಲ ಮುಗಿದ ಮೇಲೆ ಈ ಸದ್ದು ಶುರುವಾಯಿತು. ಮಂಗಳೂರಿನ ಒಂದು ಗ್ಯಾರೇಜಿಗೆ ಕೊಟ್ಟೆ. ಪ್ರೈಮರಿ ಚೈನ್ ಬದಲಿಸಿದರು, ಕ್ಲಚ್ ಪ್ಲೇಟ್ ಬದಲಿಸಿದರು, ಹೊಸ ಆಯಿಲ್ ಹಾಕಿದರು. ಎರಡು ವಾರ ಗಾಡಿ ಸುಮ್ಮನಿತ್ತು, ಮತ್ತೆ ಅದೇ ಕರಕರ. ಆಗ ನಮ್ಮ ಊರಿನ ಹಳೇ ಮೆಕ್ಯಾನಿಕ್ ಒಬ್ಬರ ಹತ್ತಿರ ಹೋದೆ. ಅವರು ಸ್ಪ್ಯಾನರ್ ಮುಟ್ಟಲೇ ಇಲ್ಲ. "ಕ್ಲಚ್ ಹಿಡಿದು ಒಂದನೇ ಗೇರ್ ಹಾಕಿ ನಿಲ್ಲಿ ಮಾರಾಯ್ರೆ, ಕೇಳುವ" ಅಂದರು. ಅರ್ಧ ನಿಮಿಷ ಕೇಳಿದರು. "ಈಗ ಕ್ಲಚ್ ಬಿಡಿ, ನ್ಯೂಟ್ರಲ್ ಮಾಡಿ." ಮತ್ತೆ ಕೇಳಿದರು. "ಚೈನ್ ಅಲ್ಲ, ಡ್ರಮ್ಮಿನ ಬೇರಿಂಗ್ ಹೋಗಿದೆ" ಅಂದರು. ಬಿಚ್ಚಿ ನೋಡಿದರೆ ಅದೇ.

ಅವರು ಮಾಡಿದ್ದು ಏನು ಅಂತ ಅರ್ಥ ಆಗಬೇಕಾದರೆ ಒಳಗೆ ಯಾವುದು ಯಾವಾಗ ತಿರುಗುತ್ತದೆ ಅಂತ ಗೊತ್ತಿರಬೇಕು. ಅಷ್ಟು ಗೊತ್ತಿದ್ದರೆ ಅರ್ಧ ಕೆಲಸ ಮುಗಿದ ಹಾಗೆ.

ಎಂಜಿನ್ನಿನ ಶಕ್ತಿ ಗೇರ್‌ಬಾಕ್ಸಿಗೆ ಹೋಗುವ ದಾರಿಯೇ ಪ್ರೈಮರಿ ಡ್ರೈವ್. ಕ್ರ್ಯಾಂಕಿನ, ಅಂದರೆ ಪಿಸ್ಟನ್ ತಿರುಗಿಸುವ ಶಾಫ್ಟಿನ, ಎಡತುದಿಯಲ್ಲಿ ಒಂದು ಸಣ್ಣ ಸ್ಪ್ರಾಕೆಟ್ (ಚೈನ್ ಕೂರುವ ಹಲ್ಲಿನ ಚಕ್ರ) ಇದೆ, ಅದರ ಹೊರಗಡೆ ಕರೆಂಟ್ ಹುಟ್ಟಿಸುವ ಮ್ಯಾಗ್ನೆಟ್. ಆ ಸ್ಪ್ರಾಕೆಟ್ಟಿನಿಂದ ಎರಡು ಸಾಲಿನ ಚೈನ್ ಹಿಂದಕ್ಕೆ ಹೋಗಿ ಕ್ಲಚ್ ಡ್ರಮ್ಮನ್ನು ತಿರುಗಿಸುತ್ತದೆ. ಡ್ರಮ್ಮಿನ ಒಳಗೆ ಹಬ್ ಇದೆ. ಹಬ್ ಗೇರ್‌ಬಾಕ್ಸಿನ ಮೇನ್‌ಶಾಫ್ಟಿಗೆ ಗಟ್ಟಿಯಾಗಿ ಕೂತಿರುತ್ತದೆ. ಡ್ರಮ್ ಮಾತ್ರ ಒಂದು ಬಾಲ್ ಬೇರಿಂಗಿನ (ಒಳಬಳೆ, ಹೊರಬಳೆ, ನಡುವೆ ಉರುಳುವ ಉಕ್ಕಿನ ಗುಂಡುಗಳು) ಮೇಲೆ ತನ್ನಷ್ಟಕ್ಕೆ ತಿರುಗಬಲ್ಲದು. ಇವೆರಡನ್ನೂ ಸೇರಿಸುವುದು ಕ್ಲಚ್ ಪ್ಲೇಟುಗಳು. ಸ್ಪ್ರಿಂಗ್ ಪ್ಲೇಟುಗಳನ್ನು ಒತ್ತಿ ಹಿಡಿದಾಗ ಡ್ರಮ್ ಮತ್ತು ಹಬ್ ಒಂದೇ ವಸ್ತುವಿನ ಹಾಗೆ ಒಟ್ಟಿಗೆ ತಿರುಗುತ್ತವೆ. ನೀವು ಲಿವರ್ ಹಿಡಿದಾಗ ಬೇರೆಯಾಗುತ್ತವೆ.

ಈಗ ಇಲ್ಲೊಂದು ವಿಷಯ ನೋಡಿ. ಕ್ಲಚ್ ಬಿಟ್ಟಿರುವಾಗ ಡ್ರಮ್ ಮತ್ತು ಹಬ್ ಒಂದೇ ವೇಗದಲ್ಲಿ ಹೋಗುತ್ತವೆ ಅಲ್ವಾ? ಹಾಗಾದರೆ ಅವುಗಳ ನಡುವೆ ಇರುವ ಬೇರಿಂಗಿನ ಗುಂಡುಗಳಿಗೆ ಉರುಳುವ ಕೆಲಸವೇ ಇಲ್ಲ. ಭಾರ ಹೊತ್ತುಕೊಂಡು ಇಡೀ ಗುಂಪೇ ಒಟ್ಟಿಗೆ ಸುತ್ತುತ್ತದೆ, ಅಷ್ಟೇ. ನೀವು ಕ್ಲಚ್ ಹಿಡಿದು ಗೇರಿನಲ್ಲಿ ನಿಂತ ಕೂಡಲೇ ಹಬ್ ನಿಂತುಬಿಡುತ್ತದೆ, ಡ್ರಮ್ ಎಂಜಿನ್ನಿನ ಜೊತೆ ತಿರುಗುತ್ತಲೇ ಇರುತ್ತದೆ. ಆಗ ಮಾತ್ರ ಆ ಬೇರಿಂಗ್ ನಿಜವಾಗಿ ಉರುಳುತ್ತದೆ. ಅಂದರೆ ಕ್ಲಚ್ ಹಿಡಿದಾಗ ಹುಟ್ಟಿ, ಬಿಟ್ಟಾಗ ಹೋಗುವ ಸದ್ದು ಹೆಚ್ಚುಕಡಿಮೆ ಡ್ರಮ್ ಬೇರಿಂಗಿನದ್ದೇ. ಹೆಚ್ಚುಕಡಿಮೆ ಅಂತ ಹೇಳುವುದಕ್ಕೆ ಕಾರಣ ಇದೆ. ಮೇನ್‌ಶಾಫ್ಟಿನ ಒಳಗೆ ಬಲಗಡೆಯಿಂದ ಬಂದು ಕ್ಲಚ್ ಬಿಡಿಸಲು ತಳ್ಳುವ ಪುಶ್ ರಾಡ್ ಕೂಡ ಕ್ಲಚ್ ಹಿಡಿದಾಗಲೇ ಒತ್ತಡಕ್ಕೆ ಬರುತ್ತದೆ. ಅದರ ತುದಿ ಸವೆದಿದ್ದರೆ ಅದೂ ಕೀಚು ಸದ್ದು ಮಾಡುತ್ತದೆ. ಅದರದ್ದು ಸಣ್ಣ ದನಿ, ಬೇರಿಂಗಿನದ್ದು ಒರಟು ದನಿ. ಮೊದಲು ಕ್ಲಚ್ ಕೇಬಲ್, ಪುಶ್ ರಾಡ್ ಅಡ್ಜಸ್ಟ್ ಮಾಡಿ ಆಮೇಲೆ ಕೇಳುವುದು ಒಳ್ಳೆಯದು.

ಇದರ ಉಲ್ಟಾ ಕೂಡ ಆಗುತ್ತದೆ. ನ್ಯೂಟ್ರಲ್ಲಿನಲ್ಲಿ ಕ್ಲಚ್ ಬಿಟ್ಟಾಗ ಸದ್ದು ಇದೆ, ಕ್ಲಚ್ ಹಿಡಿದು ಗೇರ್ ಹಾಕಿದರೆ ನಿಲ್ಲುತ್ತದೆ ಅಂದರೆ, ನಿಂತದ್ದು ಯಾವುದು? ಹಬ್ ಮತ್ತು ಮೇನ್‌ಶಾಫ್ಟ್. ಹಾಗಾದರೆ ಮೇನ್‌ಶಾಫ್ಟಿನ ಬಲತುದಿಯ ಬೇರಿಂಗ್ ಅಥವಾ ಸ್ಲೀವ್ ಗೇರಿನ ಬುಷ್ (ಶಾಫ್ಟ್ ತಿರುಗುವ ಲೋಹದ ಕೊಳವೆ) ಕಡೆ ನೋಡಬೇಕು. ಈ ಸ್ಲೀವ್ ಗೇರ್ ಅನ್ನುವುದು ಪೈಪಿನ ಹಾಗಿರುವ ಒಂದು ಗೇರ್. ಅದರೊಳಗಿಂದ ಮೇನ್‌ಶಾಫ್ಟ್ ಹಾದುಹೋಗುತ್ತದೆ, ಅದರ ಹೊರಗೆ ಹಿಂದಿನ ಚಕ್ರಕ್ಕೆ ಹೋಗುವ ಚೈನಿನ ಸ್ಪ್ರಾಕೆಟ್ ಕೂತಿರುತ್ತದೆ. ಒಂದರಿಂದ ಮೂರನೇ ಗೇರಿನವರೆಗೆ ಶಾಫ್ಟ್ ಒಂದು ವೇಗ, ಸ್ಲೀವ್ ಗೇರ್ ಇನ್ನೊಂದು ವೇಗ. ನಾಲ್ಕನೆಯದರಲ್ಲಿ ಎರಡೂ ಕಚ್ಚಿಕೊಂಡು ಒಟ್ಟಿಗೆ ತಿರುಗುತ್ತವೆ, ಬುಷ್‌ಗೆ ವಿಶ್ರಾಂತಿ. ಆದ್ದರಿಂದ ಕೆಳಗಿನ ಗೇರುಗಳಲ್ಲಿ ಇದ್ದು ಟಾಪ್ ಗೇರಿನಲ್ಲಿ ಕಡಿಮೆಯಾಗುವ ಸದ್ದು ಗೇರ್‌ಬಾಕ್ಸಿನೊಳಗಿನದ್ದು.

ಸ್ಲೀವ್ ಗೇರನ್ನು ಹೊತ್ತಿರುವ ದೊಡ್ಡ ಬೇರಿಂಗಿನ ಸ್ವಭಾವ ಬೇರೆ. ಅದು ಚಕ್ರದ ಜೊತೆ ತಿರುಗುತ್ತದೆ, ಎಂಜಿನ್ನಿನ ಜೊತೆ ಅಲ್ಲ. ಗಾಡಿ ನಿಂತಿದ್ದರೆ ಅದೂ ನಿಂತಿರುತ್ತದೆ. ಜನ ಇಲ್ಲದ ನೇರ ರಸ್ತೆಯಲ್ಲಿ 40ರ ವೇಗದಲ್ಲಿ ಕ್ಲಚ್ ಹಿಡಿದು ಥ್ರಾಟಲ್ ಬಿಡಿ. ಎಂಜಿನ್ ಇಳಿದರೂ ಸದ್ದು ಚಕ್ರದ ವೇಗದಲ್ಲೇ ಮುಂದುವರಿದರೆ ಆ ಬೇರಿಂಗ್ ಇರಬಹುದು, ಹಿಂದಿನ ಚೈನ್ ಅಥವಾ ಚಕ್ರದ ಬೇರಿಂಗ್ ಕೂಡ ಇರಬಹುದು. ಸೆಂಟರ್ ಸ್ಟ್ಯಾಂಡ್ ಹಾಕಿ ಕೈಯಲ್ಲಿ ಚಕ್ರ ತಿರುಗಿಸಿ ಬೇರ್ಪಡಿಸಿಕೊಳ್ಳಬೇಕು.

ಕ್ಲಚ್ ಹಿಡಿದರೂ ಬಿಟ್ಟರೂ ಸದ್ದು ಬದಲಾಗುವುದಿಲ್ಲ, ಎಂಜಿನ್ ಏರಿದ ಹಾಗೆ ಏರುತ್ತದೆ ಅಂದರೆ ಮಾತ್ರ ಸ್ವಲ್ಪ ಗಾಬರಿ ಪಡಬೇಕು. ಚೈನ್, ಲೂಸಾದ ಮ್ಯಾಗ್ನೆಟ್ ನಟ್, ಅಥವಾ ಕ್ರ್ಯಾಂಕಿನ ಮೇನ್ ಬೇರಿಂಗ್. ಉದ್ದ ಸ್ಕ್ರೂ ಡ್ರೈವರಿನ ತುದಿಯನ್ನು ಕೇಸಿಗೆ ಒತ್ತಿ ಹಿಡಿಯನ್ನು ಕಿವಿಗಿಟ್ಟು ಕೇಳಿದರೆ ಯಾವ ಕಡೆ ಜೋರು ಅಂತ ತಿಳಿಯುತ್ತದೆ. ಕ್ರ್ಯಾಂಕ್ ಬೇರಿಂಗ್ ಆದರೆ ಎಂಜಿನ್ ಪೂರ್ತಿ ಇಳಿಸಬೇಕು. ಅದು ಮನೆಯಂಗಳದ ಕೆಲಸ ಅಲ್ಲ.

ಡ್ರಮ್ ಬೇರಿಂಗ್ ಹೋದದ್ದಕ್ಕೆ ಸದ್ದಿಗಿಂತ ಮೊದಲೇ ಬರುವ ಒಂದು ಲಕ್ಷಣ ಇದೆ. ಗಾಡಿ ಬಿಸಿಯಾದ ಮೇಲೆ ಸಿಗ್ನಲ್ಲಿನಲ್ಲಿ ನ್ಯೂಟ್ರಲ್ ಸಿಗುವುದಿಲ್ಲ. ಬೇರಿಂಗಿನಲ್ಲಿ ಪ್ಲೇ, ಅಂದರೆ ಸಡಿಲ, ಬಂದರೆ ಚೈನಿನ ಎಳೆತಕ್ಕೆ ಡ್ರಮ್ ಒಂದು ಕಡೆ ವಾಲುತ್ತದೆ, ವಾಲಿದ ಡ್ರಮ್ಮಿನಲ್ಲಿ ಪ್ಲೇಟುಗಳು ಸಮನಾಗಿ ಬಿಡಿಸಿಕೊಳ್ಳುವುದಿಲ್ಲ, ಲಿವರ್ ಪೂರ್ತಿ ಹಿಡಿದರೂ ಗಾಡಿ ಮುಂದಕ್ಕೆ ಜಗ್ಗುತ್ತದೆ. ಎಲ್ಲರೂ ಇದಕ್ಕೆ ಪ್ಲೇಟನ್ನೇ ದೂರುತ್ತಾರೆ. ನಮ್ಮ ಗಾಡಿಗೂ ಅದಕ್ಕೇ ಹೊಸ ಪ್ಲೇಟ್ ಬಿತ್ತು. ಮಂಗಳೂರು ಗುಡ್ಡದ ಊರು. ಕದ್ರಿ, ಬೆಂದೂರು ಕಡೆಯ ಏರುಗಳಲ್ಲಿ ಟ್ರಾಫಿಕ್ ನಿಂತಾಗ ಬ್ರೇಕ್ ಹಿಡಿಯುವ ಬದಲು ಅರ್ಧ ಕ್ಲಚ್ಚಿನಲ್ಲೇ ಗಾಡಿಯನ್ನು ತಡೆದು ನಿಲ್ಲಿಸುವ ಅಭ್ಯಾಸ ತುಂಬ ಜನರಿಗಿದೆ. ಚೈನಿನ ಪೂರ್ತಿ ಎಳೆತ ಇರುವಾಗಲೇ ಬೇರಿಂಗನ್ನು ಉರುಳಿಸಿದ ಹಾಗೆ ಅದು. ದಯವಿಟ್ಟು ಬಿಡಿ ಆ ಅಭ್ಯಾಸ.

ಇನ್ನು ಬಿಚ್ಚುವುದು. ಎಡಗಡೆ ಫುಟ್‌ರೆಸ್ಟ್ ಮತ್ತು ಬ್ರೇಕ್ ಪೆಡಲ್ ತೆಗೆದರೆ ದೊಡ್ಡ ಕವರ್ ಕಾಣುತ್ತದೆ. ಅದನ್ನು ಹಿಡಿದಿರುವುದು ನಡುವಿನ ಒಂದೇ ನಟ್. ಕೆಳಗೆ ಅಗಲದ ಬೇಸಿನ್ ಇಟ್ಟು ಬಿಚ್ಚಿ, ಆಯಿಲ್ ಎಲ್ಲ ಒಮ್ಮೆಲೇ ಸುರಿಯುತ್ತದೆ. ಆ ಆಯಿಲನ್ನು ಚೆಲ್ಲಬೇಡಿ, ಮೊದಲು ನೋಡಿ. ನಮ್ಮ ಗಾಡಿಯಿಂದ ಬಂದದ್ದು ಹಾಲು ಜಾಸ್ತಿಯಾದ ಚಹಾದ ಬಣ್ಣ. ಬೆರಳಲ್ಲಿ ಉಜ್ಜಿದರೆ ನೊರೆನೊರೆ. ಅಂದರೆ ನೀರು ಸೇರಿದೆ. ಬಿಸಿಲಿಗೆ ಹಿಡಿದರೆ ಬೇಸಿನ್ನಿನ ತಳದಲ್ಲಿ ಬೆಳ್ಳಿಯ ಪುಡಿಯ ಹಾಗೆ ಮಿನುಗುವ ಕಣಗಳು. ಅಯಸ್ಕಾಂತ ಇಟ್ಟರೆ ಅಂಟಿಕೊಂಡವು, ಅಂದರೆ ಉಕ್ಕು. ಬೇರಿಂಗಿನಿಂದಲೋ ಚೈನಿನಿಂದಲೋ ಉದುರಿದ್ದು.

ಇಲ್ಲಿ ಒಂದು ಕ್ರಮ ತಪ್ಪಿದರೆ ಒದ್ದಾಡುತ್ತೀರಿ. ಮ್ಯಾಗ್ನೆಟ್ಟಿನ ನಟ್ಟನ್ನು ಕ್ಲಚ್ ಬಿಚ್ಚುವ ಮೊದಲೇ ಲೂಸ್ ಮಾಡಿಕೊಳ್ಳಿ. ಟಾಪ್ ಗೇರ್ ಹಾಕಿ ಹಿಂದಿನ ಚಕ್ರವನ್ನು ಯಾರಾದರೂ ಗಟ್ಟಿಯಾಗಿ ಹಿಡಿದರೆ, ಕ್ಲಚ್ ಮೂಲಕ ಕ್ರ್ಯಾಂಕ್ ಕೂಡ ನಿಲ್ಲುತ್ತದೆ, ನಟ್ ಸಲೀಸಾಗಿ ಬರುತ್ತದೆ. ಪ್ಲೇಟುಗಳನ್ನು ತೆಗೆದುಬಿಟ್ಟರೆ ಆ ಕೊಂಡಿ ತಪ್ಪಿತು. ಆಮೇಲೆ ಸ್ಪ್ಯಾನರ್ ಹಾಕಿದರೆ ಕ್ರ್ಯಾಂಕೇ ತಿರುಗುತ್ತದೆ, ಕೆಲವರು ಚೈನಿನ ಮಧ್ಯೆ ಸ್ಕ್ರೂ ಡ್ರೈವರ್ ತುರುಕಿ ಹಲ್ಲು ಮುರಿದುಕೊಳ್ಳುತ್ತಾರೆ. ಹಬ್ಬಿನ ನಟ್ ಮಾತ್ರ ಪ್ಲೇಟ್ ತೆಗೆದ ಮೇಲೂ ಇದೇ ರೀತಿ ಬಿಚ್ಚಲು ಬರುತ್ತದೆ, ಯಾಕೆಂದರೆ ಹಬ್ ನೇರ ಮೇನ್‌ಶಾಫ್ಟಿಗೆ ಕೂತಿದೆ. ಹಬ್ಬನ್ನು ಹೊರಗೆ ತರಲು ಅದಕ್ಕೇ ಮಾಡಿದ ಪುಲ್ಲರ್ ಬಳಸಿ. ಹಿಂದಿನಿಂದ ಎರಡು ಟಯರ್ ಲಿವರ್ ಕೊಟ್ಟು ಮೀಟಿದರೆ, ಸುತ್ತಿಗೆಯಲ್ಲಿ ಹೊಡೆದರೆ, ಡ್ರಮ್ ಸೊಟ್ಟ ಆಗುತ್ತದೆ, ಶಾಫ್ಟಿನ ಬೇರಿಂಗಿಗೂ ಏಟು ಬೀಳುತ್ತದೆ. ಚೈನಿಗೆ ಲಾಕ್ ಇಲ್ಲ, ಇಡೀ ಉಂಗುರ. ಹಾಗಾಗಿ ಮುಂದಿನ ಸ್ಪ್ರಾಕೆಟ್, ಚೈನ್, ಡ್ರಮ್ ಮೂರೂ ಒಟ್ಟಿಗೇ ಹೊರಬರಬೇಕು. ಪ್ರತಿ ಹಂತಕ್ಕೂ ಮೊಬೈಲಿನಲ್ಲಿ ಫೋಟೋ ತೆಗೆದಿಡಿ, ವಾಷರುಗಳನ್ನು ಬಂದ ಸಾಲಿನಲ್ಲೇ ಪೇಪರಿನ ಮೇಲೆ ಜೋಡಿಸಿ.

ಹಳೇ ಬೇರಿಂಗನ್ನು ಸೀಮೆಎಣ್ಣೆಯಲ್ಲಿ ಚೆನ್ನಾಗಿ ತೊಳೆದು ಒರೆಸಿ. ಎಣ್ಣೆ ಇರುವಾಗ ಕೆಟ್ಟ ಬೇರಿಂಗೂ ನುಣ್ಣಗೆ ತಿರುಗುತ್ತದೆ. ನಮ್ಮ ಗಾಡಿ ಹೊಸ ಆಯಿಲಿಗೆ ಎರಡು ವಾರ ಸುಮ್ಮನಾದದ್ದೂ ಅದಕ್ಕೇ ಇರಬೇಕು. ಒಣಗಿಸಿ, ಬೆರಳ ತುದಿಯಲ್ಲಿ ಹಿಡಿದು, ನಿಧಾನ ತಿರುಗಿಸಿದೆ. ಒಂದು ಜಾಗದಲ್ಲಿ ಕಟಕ್ ಅಂತ ಸಿಕ್ಕಿಕೊಂಡು ಮುಂದೆ ಹೋಯಿತು. ಟಾರ್ಚ್ ಹಾಕಿ ಗುಂಡುಗಳು ಓಡುವ ಒಳಗಿನ ದಾರಿ ನೋಡಿದರೆ ಎಳ್ಳುಕಾಳಿನಷ್ಟು ದೊಡ್ಡ ಒಂದು ಗುಳಿ, ಅಲ್ಲಿ ಮೇಲ್ಪದರವೇ ಎದ್ದುಹೋಗಿತ್ತು, ಉಗುರು ಎಳೆದರೆ ತಡೆಯುತ್ತಿತ್ತು. ಅದರ ಆಚೀಚೆ ಸಮ ಅಂತರದಲ್ಲಿ ಕಂದು ಕಲೆಗಳು. ಆ ಅಂತರವನ್ನು ಗುಂಡುಗಳ ಅಂತರಕ್ಕೆ ಹಿಡಿದು ನೋಡಿದೆ, ಸರಿಯಾಗಿ ಹೊಂದಿತು. ಗಾಡಿ ಮಳೆಗಾಲವಿಡೀ ಒಂದೇ ಕಡೆ ನಿಂತಿದ್ದಾಗ ಗುಂಡುಗಳು ಕೂತಲ್ಲೇ ತುಕ್ಕು ಹಿಡಿದದ್ದು ಅದು.

ನಮ್ಮ ಕರಾವಳಿಯವರು ಗಮನಿಸಬೇಕಾದ್ದು ಇಲ್ಲೇ. ದಕ್ಷಿಣ ಕನ್ನಡ, ಉಡುಪಿ ಕಡೆ ವರ್ಷಕ್ಕೆ 3,500 ಮಿಲಿಮೀಟರಿಗೂ ಜಾಸ್ತಿ ಮಳೆ, ಅದರಲ್ಲಿ ಹೆಚ್ಚಿನದ್ದು ಜೂನ್‌ನಿಂದ ಸೆಪ್ಟೆಂಬರ್ ಒಳಗೇ. ಪ್ರೈಮರಿ ಕೇಸಿನಲ್ಲಿ ಆಯಿಲ್ ಇರುವುದು ಕೆಳಗಿನ ಚೈನ್ ನೆನೆಯುವಷ್ಟು ಮಾತ್ರ. ಡ್ರಮ್ಮಿನ ನಡುವಿನ ಬೇರಿಂಗ್ ಆ ಮಟ್ಟಕ್ಕಿಂತ ಮೇಲಿರುತ್ತದೆ, ಚೈನ್ ಚಿಮ್ಮಿಸಿದ ಆಯಿಲೇ ಅದಕ್ಕೆ ಗತಿ. ಗಾಡಿ ತಿಂಗಳುಗಟ್ಟಲೆ ನಿಂತರೆ ಅದು ಒಣಗುತ್ತದೆ, ಒಳಗಿನ ತೇವದ ಗಾಳಿ ಅದರ ಮೇಲೆ ಹನಿಯಾಗಿ ಕೂರುತ್ತದೆ. ದಿನಾ ಅಂಗಡಿಗೆ ಹೋಗಿ ಬರುವ ಒಂದು ಕಿಲೋಮೀಟರ್ ಓಟ ಕೂಡ ಉಪಕಾರಕ್ಕಿಲ್ಲ, ಆಯಿಲ್ ಬಿಸಿಯಾಗುವ ಮೊದಲೇ ಮನೆ ಬಂತು. ಮಳೆ ಬಿಟ್ಟ ದಿನ ನೋಡಿ ವಾರಕ್ಕೊಮ್ಮೆಯಾದರೂ 20-30 ಕಿಲೋಮೀಟರ್ ಓಡಿಸಬೇಕು. ಅದೂ ಆಗದಿದ್ದರೆ ಟಾಪ್ ಗೇರಿನಲ್ಲಿ ಕ್ಲಚ್ ಹಿಡಿದು ಚಕ್ರ ತಿರುಗಿಸಿ, ಗುಂಡುಗಳು ಜಾಗ ಬದಲಾಯಿಸಲಿ. ಪ್ರೈಮರಿ ಆಯಿಲನ್ನು ಮಳೆಗಾಲ ಮುಗಿದ ಕೂಡಲೇ ಬದಲಿಸುವುದು ನಾನು ಈಗ ತಪ್ಪಿಸದ ಕೆಲಸ.

ಹೊಸ ಬೇರಿಂಗ್ ತರುವಾಗ ಹಳೆಯದನ್ನು ಕೈಯಲ್ಲಿ ಹಿಡಿದುಕೊಂಡೇ ಹೋಗಿ. ಅದರ ಅಂಚಿನಲ್ಲಿ ನಂಬರ್ ಕೊರೆದಿರುತ್ತದೆ. ಆ ನಂಬರಿಗೆ ಅರ್ಥ ಇದೆ. ಉದಾಹರಣೆಗೆ 6305 ಅಂದರೆ ಕೊನೆಯ ಎರಡು ಅಂಕಿ 05ನ್ನು 5ರಿಂದ ಗುಣಿಸಿ, 25 ಮಿಲಿಮೀಟರ್ ಒಳಗಿನ ತೂತು. ಹೊರಗಿನ ಅಗಲ 62, ದಪ್ಪ 17. ಅದೇ 6205 ಆದರೆ ತೂತು ಅದೇ 25, ಹೊರಗೆ 52, ದಪ್ಪ 15. ನಂಬರಿನ ಕೊನೆಗೆ ಸಿ3 ಅಂತ ಇದ್ದರೆ ಗುಂಡುಗಳಿಗೆ ಸ್ವಲ್ಪ ಜಾಸ್ತಿ ಜಾಗ ಬಿಟ್ಟಿದ್ದಾರೆ ಅಂತ, ಬಿಸಿಯಾದಾಗ ಬಿಗಿಯಾಗಬಾರದು ಅಂತ ಹಾಗೆ ಮಾಡುತ್ತಾರೆ. ಹಳೆಯದರಲ್ಲಿ ಸಿ3 ಇದ್ದರೆ ಹೊಸದರಲ್ಲೂ ಇರಲೇಬೇಕು. 2ಆರ್‌ಎಸ್ ಅಂದರೆ ಎರಡೂ ಬದಿ ರಬ್ಬರ್ ಸೀಲ್. ಆಯಿಲಿನಲ್ಲಿ ಕೆಲಸ ಮಾಡುವ ಬೇರಿಂಗಿಗೆ ಆ ಮುಚ್ಚಳ ಬೇಡ, ಆಯಿಲ್ ಒಳಗೆ ಹೋಗಬೇಕು. ಅಂಗಡಿಯವರು "ಸೀಲ್ ಇದ್ದದ್ದೇ ಒಳ್ಳೆಯದು ಸರ್" ಅಂತ ಕೊಟ್ಟಾರು, ಕೆಲಸ ಏನು ಅಂತ ಹೇಳಿ ತೆರೆದದ್ದನ್ನೇ ಕೇಳಿ. ಡೂಪ್ಲಿಕೇಟ್ ಬೇರಿಂಗ್ ಬಹಳ ಓಡಾಡುತ್ತದೆ. ಬಿಲ್ ಕೊಡುವ ಅಂಗಡಿಯಲ್ಲೇ ತೆಗೆದುಕೊಳ್ಳಿ, ನೂರಿನ್ನೂರು ಉಳಿಸಲು ಹೋಗಿ ಈ ಇಡೀ ಕೆಲಸವನ್ನು ಮತ್ತೊಮ್ಮೆ ಮಾಡುವುದು ಯಾರಿಗೂ ಬೇಡ.

ಕೂರಿಸುವಾಗ ಒಂದೇ ನಿಯಮ: ಬಿಗಿಯಾಗಿ ಕೂರಬೇಕಾದ ಬಳೆಯ ಮೇಲೆಯೇ ಒತ್ತಬೇಕು. ಬೇರಿಂಗ್ ಕೂರುವ ಗೂಡಿಗೆ ಹಾಕುವಾಗ ಹೊರಬಳೆ, ಶಾಫ್ಟಿಗೆ ಹಾಕುವಾಗ ಒಳಬಳೆ. ತಪ್ಪು ಬಳೆಗೆ ಹೊಡೆದರೆ ಏಟು ಗುಂಡುಗಳ ಮೂಲಕವೇ ದಾಟಬೇಕು, ಹೊಸ ಬೇರಿಂಗಿನಲ್ಲಿ ಅಂದೇ ಗುಳಿ ಬೀಳುತ್ತದೆ. ಅಳತೆಗೆ ಸರಿಯಾದ ಸಾಕೆಟ್ ಇಟ್ಟು ವೈಸಿನಲ್ಲಿ ನಿಧಾನ ಒತ್ತುವುದು ಸುತ್ತಿಗೆಗಿಂತ ಎಷ್ಟೋ ಮೇಲು. ಡ್ರಮ್ ಉಕ್ಕಿನದ್ದು, ಅದಕ್ಕೆ ಈ ರೀತಿ ಸಾಕು. ವೈಸ್ ಇಲ್ಲದಿದ್ದರೆ ಲೇತಿನವರ ಹತ್ತಿರ ಪ್ರೆಸ್ ಇರುತ್ತದೆ, ಐದು ನಿಮಿಷದ ಕೆಲಸ.

ಸ್ಲೀವ್ ಗೇರಿನ ದೊಡ್ಡ ಬೇರಿಂಗ್ ಆದರೆ ಬಿಸಿಯ ಸಹಾಯ ತೆಗೆದುಕೊಳ್ಳಬೇಕು. ಅದರ ಗೂಡು ಅಲ್ಯೂಮಿನಿಯಮ್. ಅಲ್ಯೂಮಿನಿಯಮ್ ಉಕ್ಕಿನ ಸುಮಾರು ಎರಡರಷ್ಟು ಹಿಗ್ಗುತ್ತದೆ. ಲೆಕ್ಕ ಹಾಕಿ ನೋಡಿ: 62 ಮಿಲಿಮೀಟರ್ ಅಗಲದ ಗೂಡನ್ನು 80 ಡಿಗ್ರಿ ಏರಿಸಿದರೆ ಅದು 0.11 ಮಿಲಿಮೀಟರ್ ದೊಡ್ಡದಾಗುತ್ತದೆ. ಬೇರಿಂಗನ್ನು ರಾತ್ರಿಯಿಡೀ ಫ್ರೀಜರಿನಲ್ಲಿಟ್ಟರೆ ಅದು 0.03 ಮಿಲಿಮೀಟರಿಗಿಂತ ಸ್ವಲ್ಪ ಜಾಸ್ತಿ ಕುಗ್ಗುತ್ತದೆ. ಎರಡೂ ಸೇರಿದರೆ ಬೇರಿಂಗ್ ಹೊಡೆಯದೆಯೇ ಜಾರಿ ಕೂರುತ್ತದೆ. ಗೂಡಿನ ಹತ್ತಿರ ಒಂದು ಹನಿ ನೀರು ಬಿಟ್ಟಾಗ ಚುಂಯ್ ಅಂದರೆ ಬಿಸಿ ಸಾಕು. ಒಂದೇ ಕಡೆ ಜ್ವಾಲೆ ಹಿಡಿಯಬೇಡಿ, ಸುತ್ತಲೂ ಆಡಿಸಿ. ಆಯಿಲ್, ಪೆಟ್ರೋಲ್ ಹತ್ತಿರ ಇರಲೇಬಾರದು.

ಬೇರಿಂಗ್ ಹೊಸದಾಯಿತು ಅಂತ ಅಲ್ಲಿಗೇ ನಿಲ್ಲಿಸಬೇಡಿ. ಹಳೆಯದು ಯಾಕೆ ಹೋಯಿತು ಅಂತ ನೋಡದಿದ್ದರೆ ಹೊಸದೂ ಅದೇ ದಾರಿ ಹಿಡಿಯುತ್ತದೆ. ನೀರಿನ ಕಥೆ ಹೇಳಿದೆ. ಇನ್ನೊಂದು ದೊಡ್ಡ ಕಾರಣ ಬಿಗಿ ಚೈನ್. ಈ ಗಾಡಿಯಲ್ಲಿ ಗೇರ್‌ಬಾಕ್ಸ್ ಎಂಜಿನ್ನಿಗೆ ನೇರ ಬೋಲ್ಟ್ ಆಗಿದೆ, ಎರಡು ಸ್ಪ್ರಾಕೆಟ್ಟುಗಳ ನಡುವಿನ ದೂರ ಬದಲಿಸಲು ಬರುವುದಿಲ್ಲ. ಚೈನಿನ ಕೆಳಗೆ ಇರುವ ಟೆನ್ಷನರ್ ಪಟ್ಟಿಯನ್ನು ಏರಿಸಿ ಬಿಗಿ ಮಾಡುವುದು ಅಷ್ಟೇ. ಎಂಜಿನ್ ಬಿಸಿಯಾದಾಗ ಅಲ್ಯೂಮಿನಿಯಮ್ ಕೇಸ್ ಹಿಗ್ಗಿ ಆ ದೂರ ಜಾಸ್ತಿಯಾಗುತ್ತದೆ, ಚೈನ್ ಇನ್ನೂ ಬಿಗಿಯಾಗುತ್ತದೆ. ತಣ್ಣಗಿರುವಾಗಲೇ ವೀಣೆಯ ತಂತಿಯ ಹಾಗೆ ಎಳೆದಿಟ್ಟರೆ ಒಂದು ಕಡೆ ಕ್ರ್ಯಾಂಕಿನ ಬೇರಿಂಗ್, ಇನ್ನೊಂದು ಕಡೆ ಡ್ರಮ್ಮಿನ ಬೇರಿಂಗ್ ಎರಡನ್ನೂ ಹಗಲಿಡೀ ಜಗ್ಗಿದ ಹಾಗೆ. ಮೇಲಿನ ಚೈನನ್ನು ಬೆರಳಲ್ಲಿ ಎತ್ತಿ ಇಳಿಸಿದರೆ ಸುಮಾರು 6 ಮಿಲಿಮೀಟರ್ ಆಡಬೇಕು, ಅದೂ ಅತ್ಯಂತ ಬಿಗಿಯಾದ ಜಾಗದಲ್ಲಿ.

ಅತ್ಯಂತ ಬಿಗಿಯಾದ ಜಾಗ ಅಂತ ಯಾಕೆ ಹೇಳಿದೆ ಅಂದರೆ, ಚೈನ್ ಎಲ್ಲ ಕಡೆ ಒಂದೇ ರೀತಿ ಸವೆಯುವುದಿಲ್ಲ. ಎಂಜಿನ್ ನಿಧಾನ ತಿರುಗಿಸುತ್ತಾ ನಾಲ್ಕೈದು ಕಡೆ ನೋಡಿ. ಬಿಗಿ ಜಾಗ ಸಿಕ್ಕಿದರೆ ಚೈನಿನ ಒಂದು ಕೊಂಡಿಗೂ ಡ್ರಮ್ಮಿನ ಒಂದು ಹಲ್ಲಿಗೂ ಬಣ್ಣದ ಚುಕ್ಕೆ ಇಡಿ. ತಿರುಗಿಸುತ್ತಾ ಹೋದಾಗ ಚೈನಿನ ಚುಕ್ಕೆ ಬಂದಾಗಲೆಲ್ಲ ಬಿಗಿಯಾದರೆ ಚೈನಿನದ್ದೇ ದೋಷ. ಡ್ರಮ್ಮಿನ ಚುಕ್ಕೆ ಬಂದಾಗಲೆಲ್ಲ ಬಿಗಿಯಾದರೆ ಡ್ರಮ್ ಸೊಟ್ಟ ಕೂತಿದೆ, ಬೇರಿಂಗ್ ಪೂರ್ತಿ ಒಳಗೆ ಹೋಗಿಲ್ಲ ಅಥವಾ ಹಬ್ ಸವೆದಿದೆ. ಚುಕ್ಕೆ ಇಡುವುದಕ್ಕೆ ಎರಡು ನಿಮಿಷ ಸಾಕು. ಆದರೆ ಇದನ್ನು ಮಾಡಿ ನೋಡುವವರು ಬಹಳ ಕಡಿಮೆ.

ಎರಡೂ ಸ್ಪ್ರಾಕೆಟ್ಟುಗಳ ಮುಖಕ್ಕೆ ಸ್ಟೀಲ್ ಪಟ್ಟಿ ಹಿಡಿದು ಒಂದೇ ಗೆರೆಯಲ್ಲಿ ಇವೆಯಾ ನೋಡಿ. ಇಲ್ಲದಿದ್ದರೆ ಚೈನಿನ ಒಳಬದಿ ಒಂದೇ ಕಡೆ ಹೊಳೆಯುವಷ್ಟು ಉಜ್ಜಿರುತ್ತದೆ. ಮ್ಯಾಗ್ನೆಟ್ ಮತ್ತು ಅದರ ಸುತ್ತಲಿನ ಕಾಯಿಲ್ ನಡುವೆ 0.2 ಮಿಲಿಮೀಟರ್ ಫೀಲರ್ (ಸಂದು ಅಳೆಯುವ ತೆಳು ಪಟ್ಟಿ) ಸುತ್ತಲೂ ಸಲೀಸಾಗಿ ಹೋಗಬೇಕು. ಒಂದು ಕಡೆ ತಾಗಿದರೆ ಅದೇ ಹೊಸ ಸದ್ದು ಶುರುಮಾಡುತ್ತದೆ.

ಕವರಿನ ರಬ್ಬರ್ ರಿಂಗ್ ಹೊಸದೇ ಹಾಕಿ, ಅದರ ತೋಡಿನಲ್ಲಿ ಸರಿಯಾಗಿ ಕೂತಿದೆಯಾ ಅಂತ ಬೆರಳಾಡಿಸಿ ನೋಡಿ. ಸೋರುತ್ತದೆ ಅಂತ ನಡುವಿನ ನಟ್ಟನ್ನು ಜೀವ ಹಿಂಡುವ ಹಾಗೆ ಬಿಗಿದರೆ ಕವರ್ ಬಾಗಿ ಇನ್ನೂ ಜಾಸ್ತಿ ಸೋರುತ್ತದೆ. ಆಯಿಲ್ ಹೆಚ್ಚುಕಡಿಮೆ 420 ಮಿಲಿಲೀಟರ್, ಲೆವೆಲ್ ಸ್ಕ್ರೂ ತೆಗೆದಾಗ ಅಲ್ಲಿಂದ ಹನಿಯುವವರೆಗೆ. ಜಾಸ್ತಿ ಹಾಕಿದರೆ ಕ್ಲಚ್ ಜಾರುತ್ತದೆ. ಬೈಕಿಗೆ ಅಂತಲೇ ಇರುವ 20ಡಬ್ಲ್ಯೂ50 ಸಾಕು. ಕಾರಿನ ಕೆಲವು ಆಯಿಲುಗಳಲ್ಲಿ ಜಾರಿಕೆ ಹೆಚ್ಚಿಸುವ ವಸ್ತು ಇರುತ್ತದೆ, ಕ್ಲಚ್ಚಿಗೆ ಅದು ಆಗುವುದಿಲ್ಲ.

ಮೊದಲ 100 ಕಿಲೋಮೀಟರ್ ಆದ ಮೇಲೆ ಲೆವೆಲ್ ಸ್ಕ್ರೂ ಇನ್ನೊಮ್ಮೆ ಬಿಚ್ಚಿ. ಏನೂ ಬರದಿದ್ದರೆ ರಿಂಗ್ ಸೋರುತ್ತಿದೆ. ಹಾಕಿದ್ದಕ್ಕಿಂತ ಜಾಸ್ತಿ ಸುರಿದರೆ ಕ್ರ್ಯಾಂಕಿನ ಎಡಗಡೆ ಸೀಲ್ ದಾಟಿ ಎಂಜಿನ್ ಆಯಿಲ್ ಈ ಕಡೆ ಬರುತ್ತಿದೆ, ಆ ಸೀಲ್ ನೋಡಬೇಕು. ನಾನು ಬಿಚ್ಚಿದಾಗ ಎರಡು ಹನಿ ಬಂತು, ಜೇನಿನ ಬಣ್ಣ, ಬೆರಳಿಗೆ ನುಣ್ಣಗೆ. ಸ್ಕ್ರೂ ಬಿಗಿ ಮಾಡಿ, ಒಂದನೇ ಗೇರ್ ಹಾಕಿ, ಕ್ಲಚ್ ಹಿಡಿದು ಕೇಳಿದೆ. ಎಂಜಿನ್ನಿನ ಸದ್ದು ಮಾತ್ರ ಇತ್ತು.